ನಾಲ್ಕು ಬೆರಳು

ತೆರೆಯ ಮೇಲೆ ಸೊನ್ನೆ ಇರುವುದು
ಎಡಗಡೆ, ಮೇಲಿನ ಮೂಲೆಯಲ್ಲಿ.
ಅಲ್ಲಿಂದ ಕೆಳಗಿಳಿದಷ್ಟೂ ಅಂಕಿ ದೊಡ್ಡದು,
ಬಾವಿಗೆ ಹಗ್ಗ ಬಿಟ್ಟು ಅಳೆದ ಹಾಗೆ.

ಹಾಗಾಗಿ ಮೊದಲ ಸಲ ಗೆರೆ ಎಳೆಸಿದಾಗ
ಬೇತುಲಿನ ಭರತ ತಲೆಕೆಳಗಾಗಿ ನೇತುಬಿತ್ತು:
ಹುಣ್ಣಿಮೆಯ ನೀರು ಪಾತಾಳಕ್ಕೆ,
ಇಳಿತದ ಕೆಸರು ಆಕಾಶಕ್ಕೆ.
ತೆರೆಯ ಎತ್ತರದಿಂದ ಕಳೆ, ಅಂದೆ.
ಒಂದೇ ಒಂದು ಕಳೆಯುವ ಚಿಹ್ನೆ,
ಕಡಲು ಎದ್ದು ತನ್ನ ಕಾಲ ಮೇಲೆ ನಿಂತಿತು.

ತೆರೆ ಅಂದರೆ ನಮ್ಮಲ್ಲಿ ಎರಡೂ ತಾನೆ,
ಗಾಜಿನದೂ, ನೀರಿನದೂ.
ವಾಸ್ಕೋದ ಈ ಆಫೀಸಿನಲ್ಲಿ
ಅದನ್ನು ಹೇಳಿ ನಗಲು ಇನ್ನೊಬ್ಬರಿಲ್ಲ.

ಅಡ್ಡಗೆರೆ ಸುಲಭ. ಅದು ದಿನ.
ದಿನಕ್ಕೊಂದು ತಾರೀಖು ಕೂರಿಸಿದರೆ
ಒಂದರ ಹೆಗಲ ಮೇಲೊಂದು ಮೂವತ್ತೊಂದೂ,
ಮಡಗಾಂವ್ ಬಸ್ಸಿನ ಬಾಗಿಲಿಗೆ ಜೋತವರಂತೆ.
ಐದಕ್ಕೊಂದು ಇಟ್ಟೆ. ಉಸಿರಾಡಿದವು.
ನಡುವಿನ ನಾಲ್ಕು ದಿನ ಇವೆ,
ಹೆಸರು ಕೂಗುವುದಿಲ್ಲ, ಅಷ್ಟೆ.

ನಿಂತ ಗೆರೆಗೆ ‘ನೀರಿನ ಎತ್ತರ’ ಎಂದು
ಕನ್ನಡದಲ್ಲೇ ಬರೆದೆ ಮೊದಲು,
ನಾನೊಬ್ಬಳೇ ನೋಡುವ ಕರಡಿಗೆ.
ಎಲ್ಲ ಖಾಲಿ ಪೆಟ್ಟಿಗೆಗಳು.
‘ನೀರು’ ಅಂತ ಇಷ್ಟೇ ಬರೆದು ನೋಡಿದೆ,
ನಾಲ್ಕು ಪೆಟ್ಟಿಗೆ, ಸಾಲಾಗಿ, ಒಂದರಲ್ಲೂ ತೇವವಿಲ್ಲ.
ಅಕ್ಷರದ ಅಚ್ಚು ಬದಲಿಸಿದೆ. ಈಗ
ಎತ್ತರದ ಒತ್ತು ಕಳಚಿ ಪಕ್ಕಕ್ಕೆ ಬಿತ್ತು.
ಮೂರನೆಯದರಲ್ಲಿ ಎಲ್ಲ ಸರಿ. ತೊಂಬತ್ತು ಡಿಗ್ರಿ ತಿರುಗಿಸಿದ್ದಕ್ಕೆ
ಪದ ಗೋಡೆಗೊರಗಿ ನಿಂತಿತು;
ಓದುವವರು ಕತ್ತು ಓರೆ ಮಾಡಲಿ.

ಎತ್ತರ, ಸರಿ.
ಯಾವುದರಿಂದ?

ಪುಂಡಲೀಕ ಆರೋಸ್ಕರ್ ಬೇತುಲಿನ ಧಕ್ಕೆಯಲ್ಲಿ
ನೀರು ಓದುತ್ತಿದ್ದವರು. ಇಪ್ಪತ್ತೇಳು ವರ್ಷ,
ದಿನಕ್ಕೆ ನಾಲ್ಕು ಸಲ, ರಾತ್ರಿಯಾದರೆ ಟಾರ್ಚು ಹಿಡಿದು.
ಈಗ ಆ ಕೆಲಸ ಒಂದು ಯಂತ್ರಕ್ಕಿದೆ.
ಅವರ ಹನ್ನೊಂದು ವಹಿಗಳು ನನ್ನ ಮೇಜಿಗೆ ಬಂದಿವೆ
ಒಣ ಬಂಗಡೆಯ ವಾಸನೆ ಸಮೇತ.
ಫೋನು ಮಾಡಿ ಕೇಳಿದೆ, ಸೊನ್ನೆ ಎಲ್ಲಿದೆ?
‘ಸುಕತಿಗೆ ಬಾ. ಆವಾಗಲೇ ಕಾಣೋದು.’

ಬೆಳಗಿನ ಐದೂವರೆ. ಕಂಬದ ಬುಡದಲ್ಲಿ
ಚಿಪ್ಪು ಕಚ್ಚಿಕೊಂಡಲ್ಲಿ, ಬಿಳಿ ಬಣ್ಣದ ಒಂದು ಪಟ್ಟಿ.
‘ನಾನೇ ಬಳಿದಿದ್ದು. ಹಳೇ ಕಂಬಕ್ಕೆ ಬಾರ್ಜು ಗುದ್ದಿತ್ತು.
ಹೊಸದು ನೆಟ್ಟ ದಿನ ಸಾಹೇಬರು ಊಟಕ್ಕೆ ಹೋಗಿದ್ದರು.
ನೀರು ಏರುತ್ತಾ ಇತ್ತು, ಅದು ಊಟಕ್ಕೆ ಕಾಯುತ್ತದಾ?
ಅಂದಾಜಿನ ಮೇಲೆ ಬಳಿದೆ.
ನಾಲ್ಕು ಬೆರಳು ಆಚೀಚೆ.’
ಮೇಲಕ್ಕೋ, ಕೆಳಕ್ಕೋ?
ಅವರು ಬಗ್ಗಿ ಅಂಗೈಯನ್ನು ಕಂಬಕ್ಕೆ ಆನಿಸಿ
ಬಹಳ ಹೊತ್ತು ಇದ್ದರು.
‘ಮೇಲಕ್ಕೆ.’

ಆ ನಾಲ್ಕು ಬೆರಳನ್ನು ನಾನು ಸ್ಕೇಲಿಟ್ಟು ಅಳೆದೆ,
ಬಲೆಯ ಹಗ್ಗ ಕೊಯ್ದ ಗಾಯದ ಉಬ್ಬನ್ನೂ ಸೇರಿಸಿ.
ಏಳೂವರೆ ಸೆಂಟಿಮೀಟರ್.
ಆ ಮಧ್ಯಾಹ್ನದಿಂದೀಚಿನ ಎಲ್ಲ ನೀರಿಗೂ ಅಷ್ಟನ್ನು ಕೂಡಿಸಿದೆ.

ಒಂದೇ ಒಂದು ರಾತ್ರಿ ವಹಿಯಲ್ಲಿ ಅಂಕಿಯಿಲ್ಲ.
ಬರೆದದ್ದು: ‘ಪಳೆಲೆಂ ನಾ’. ನೋಡಲಿಲ್ಲ.
ಪ್ರೋಗ್ರಾಮು ಅದರ ಮೇಲಿಂದ ಹಾರಿ
ಎರಡು ದಡ ಸೇರಿಸಿ ನೇರ ಗೆರೆ ಎಳೆದುಬಿಟ್ಟಿತ್ತು,
ಆ ರಾತ್ರಿ ಕಡಲು ಇಸ್ತ್ರಿ ಮಾಡಿಸಿಕೊಂಡ ಹಾಗೆ.
ಏನಾಗಿತ್ತು ಅಂದೆ, ಮೆಲ್ಲಗೆ.
ಜ್ವರ, ಸಾವು, ಬಿರುಗಾಳಿ ಏನನ್ನಾದರೂ ಕೇಳಲು ಸಿದ್ಧಳಾಗಿ.
‘ನಿದ್ದೆ ಬಂತು’ ಅಂದರು.
ಅಂದಾಜಿಗೆ ಒಂದು ಅಂಕಿ ಬರೆಯಬಹುದಿತ್ತಲ್ಲ?
‘ಸೊನ್ನೆಯೇ ಅಂದಾಜಿನದು ಮಗಾ,
ಅದರ ಮೇಲೆ ಇನ್ನೊಂದೇ?’

ಗೆರೆಯನ್ನು ಅಲ್ಲಿ ಮುರಿದೆ.
ಮೆನೆಜಿಸ್ ಸರ್ ಎರಡು ಸಲ ಕೇಳಿದರು, ಇದೇನು ದೋಷವಾ ಅಂತ.
ಅಲ್ಲ ಸರ್, ನಿದ್ದೆ.

ಆಮೇಲೆ ಎಲ್ಲರೂ ಹೋದ ಮೇಲೆ
ನನ್ನ ಕರಡಿನ ನಿಂತ ಗೆರೆಗೆ ಪೂರ್ತಿ ಹೆಸರು ಕೊಟ್ಟೆ:
ಆರೋಸ್ಕರ್ ಬಳಿದ ಸೊನ್ನೆಯಿಂದ ಎತ್ತರ, ಮೀಟರುಗಳಲ್ಲಿ.
ಉದ್ದವಾಯಿತು. ಹಾಳೆ ಬಂದಾಗ
ಅಂಚು ಅದನ್ನು ಕತ್ತರಿಸಿ, ಉಳಿದದ್ದು

ಆರೋಸ್ಕರ್ ಬಳಿ

ಅಷ್ಟೆ. ಅಂಚು ಹೆಚ್ಚಿಸಬೇಕು.
ನಾಳೆ ನೋಡೋಣ.